ಅಟ್ಟಕ್ಕೆ ಹಾಕಿದ ಕ್ರೆಡಿಟ್ಟು

ಬಿಳಿಗೆರೆಯ ಶಿವರುದ್ರಮ್ಮನಿಗೆ ವಾರಗಿತ್ತಿಯ ಮೇಲೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಹದಿನಾಲ್ಕು ವರ್ಷದ ಹಿಂದೆ, ಅವಳ ಕೈ ನೋಡಿದ ದಿನ. ಸಿಂಧು ಆಗಷ್ಟೇ ಮದುವೆಯಾಗಿ ಮನೆಗೆ ಬಂದಿದ್ದಳು. ಬಳೆ ತೊಡಿಸಲು ಬಂದ ಬಳೆಗಾರ್ತಿ ಹೊಸ ಸೊಸೆಯ ಕೈ ಹಿಡಿದು, “ಬೆಣ್ಣೆ ಕಣ್ರವ್ವ, ಬೆಣ್ಣೆ! ಬಳೆ ತಾನಾಗೇ ಜಾರ್ಕೊಂಡು ಹೋಯ್ತವೆ” ಎಂದು ಆ ಕೈಯನ್ನು ಎತ್ತಿ ನೆರೆದವರಿಗೆಲ್ಲ ತೋರಿಸಿದಳು. ಅದೇ ಬಳೆಗಾರ್ತಿ ಶಿವರುದ್ರಮ್ಮನ ಸರದಿ ಬಂದಾಗ ಏನೂ ಅನ್ನಲಿಲ್ಲ. ಒಂದು ತುಂಡು ಸೋಪು ತರಿಸಿದಳು, ಅಷ್ಟೆ.

ಹಾಲ್ಕುರಿಕೆಯಿಂದ ಬಿಳಿಗೆರೆಗೆ ಸೊಸೆಯಾಗಿ ಬಂದಾಗ ಶಿವರುದ್ರಮ್ಮನ ಕೈಯೂ ಚೆನ್ನಾಗಿಯೇ ಇತ್ತು. ಆಗ ಅವಳಿಗೆ ಇಪ್ಪತ್ತೆರಡು, ಈಗ ಐವತ್ತಮೂರು. ಈ ಮೂವತ್ತೊಂದು ವರ್ಷಗಳಲ್ಲಿ ಆ ಮನೆಯ ಅಟ್ಟಕ್ಕೆ ಎಷ್ಟು ಲಕ್ಷ ತೆಂಗಿನಕಾಯಿ ಏರಿ ಇಳಿದಿವೆಯೋ ಲೆಕ್ಕ ಇಟ್ಟವರಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಆಮೇಲೆ ಸುಲಿದು ಒಡೆದರೆ ಗುಂಡಗೆ ಒಂದು ಉಂಡೆ ಕೊಬ್ಬರಿ. ಅಟ್ಟಕ್ಕೆ ಹಾಕಿಸುವವರು ಗಂಡಸರು, ತಿಪಟೂರಿನ ಮಾರುಕಟ್ಟೆಗೆ ಒಯ್ಯುವವರೂ ಗಂಡಸರು. ನಡುವಿನ ಹನ್ನೊಂದು ತಿಂಗಳು ಮಾತ್ರ ಶಿವರುದ್ರಮ್ಮನದು. ಮಳೆಗಾಲದಲ್ಲಿ ಅಟ್ಟದ ಕೆಳಗೆ ಹೊಗೆ ಹಾಕುವುದು, ಮೊಳಕೆ ಬಂದದ್ದನ್ನು ಆರಿಸಿ ತೆಗೆಯುವುದು, ಕೊಳೆತದ್ದರ ವಾಸನೆ ಹಿಡಿದು ಏಣಿ ಹತ್ತುವುದು. ಕೊಬ್ಬರಿ ಒಡೆಯುವ ದಿನಗಳಲ್ಲಿ ಇಪ್ಪತ್ತು ಆಳಿಗೆ ಎರಡು ಹೊತ್ತು ಮುದ್ದೆ. ಮುದ್ದೆ ತೊಳಸಿ ತೊಳಸಿ ಅವಳ ಬಲಗೈ ಮಣಿಕಟ್ಟು ಹಿಡಿದುಕೊಂಡಿತ್ತು. ಸಂಜೆಯಾದರೆ ನೀರಿನ ಚೊಂಬು ಎತ್ತಲೂ ಎಡಗೈಯ ಆಸರೆ ಬೇಕು.

ಸಿಂಧುವಿನ ಸಂಸಾರ ತಿಪಟೂರಿನಲ್ಲಿ. ಗಂಡನ ಕೊಬ್ಬರಿ ಅಂಗಡಿಯ ಮೇಲಿನ ಮನೆ. ಬಟ್ಟೆ ಒಗೆಯಲು ಮೆಷಿನ್ನು, ಪಾತ್ರೆ ತಿಕ್ಕಲು ಒಬ್ಬಾಕೆ. ಅವಳೂ ಸುಮ್ಮನೆ ಕೂರುವವಳಲ್ಲ, ಅಂಗಡಿಯ ಬಿಲ್ಲೆಲ್ಲ ಅವಳೇ ಕಂಪ್ಯೂಟರಿನಲ್ಲಿ ಮಾಡುತ್ತಾಳೆ ಎಂಬುದು ಶಿವರುದ್ರಮ್ಮನಿಗೆ ಗೊತ್ತಿತ್ತು. ಆದರೆ ಗೊತ್ತಿರುವುದರಿಂದ ಹೊಟ್ಟೆಯ ಉರಿ ಕಮ್ಮಿಯಾಗುತ್ತದೆಯೇ? ಹಬ್ಬಕ್ಕೆ ಊರಿಗೆ ಬಂದ ಸಿಂಧು ಉಗುರಿಗೆ ಬಣ್ಣ ಹಚ್ಚಿಕೊಂಡ ಕೈಯಲ್ಲಿ ಸೌಟು ಹಿಡಿದು, “ಅಕ್ಕ, ಏನ್ ಮಾಡ್ಲಿ ಹೇಳಿ” ಎಂದರೆ, ಶಿವರುದ್ರಮ್ಮ, “ನೀನೇನ್ ಮಾಡ್ತೀಯ ಬುಡು, ಕೈ ಕೆಟ್ಟೋದಾವು” ಎನ್ನುತ್ತಿದ್ದಳು. ಸಿಂಧು ಅದನ್ನು ಪ್ರೀತಿ ಎಂದುಕೊಂಡು ಹೊರಗೆ ಹೋಗಿ ಕೂರುತ್ತಿದ್ದಳು. ಶಿವರುದ್ರಮ್ಮನಿಗೆ ಅದೂ ಉರಿ.

ಇಂಥ ಇಬ್ಬರು ವಾರಗಿತ್ತಿಯರು ಒಟ್ಟಿಗೆ ಹಡಗು ಹತ್ತುವ ಹಾಗಾಯಿತು. ಇವರಿಂದ ಕೊಬ್ಬರಿ ಕೊಳ್ಳುವ ಉತ್ತರದ ಕಡೆಯ ಡ್ರೈಫ್ರೂಟ್ಸ್ ಕಂಪನಿಯೊಂದು, ಹೆಚ್ಚು ಸರಕು ಕಳಿಸಿದ ವರ್ತಕರನ್ನು ಹೆಂಡತಿಯರ ಸಮೇತ ಪ್ರವಾಸಕ್ಕೆ ಕರೆಯಿತು. ಕೊಚ್ಚಿಯಿಂದ ಹೊರಟು ಲಕ್ಷದ್ವೀಪ ಸುತ್ತಿ ಮತ್ತೆ ಕೊಚ್ಚಿಗೆ, ಒಟ್ಟು ನಾಲ್ಕು ರಾತ್ರಿ. ಶಿವರುದ್ರಮ್ಮನ ಗಂಡ ಶಂಭುಲಿಂಗಯ್ಯ, ಅವನ ತಮ್ಮ ಪರಮೇಶ್, ಇಬ್ಬರ ಹೆಸರಿನಲ್ಲೂ ಒಂದೊಂದು ರೂಮು. ಮನೆ, ದನ, ಅಟ್ಟವನ್ನು ಪಕ್ಕದ ಮನೆಯ ಗಂಗಕ್ಕನಿಗೆ ಒಪ್ಪಿಸಿ ಶಿವರುದ್ರಮ್ಮ ಹೊರಟಳು.

ತಿಪಟೂರಿನಿಂದ ಬಸ್ಸು ಬಿಟ್ಟು ಅರ್ಧ ಗಂಟೆಗೆ ಪ್ರವಾಸದ ಮ್ಯಾನೇಜರ್ ಸೂರ್ಯಪ್ರಕಾಶ್ ಮೈಕು ಹಿಡಿದು ಹಡಗಿನ ನಿಯಮಗಳನ್ನು ಹೇಳತೊಡಗಿದ. ಆ ಹೊತ್ತಿಗೆ ಸರಿಯಾಗಿ ಶಂಭುಲಿಂಗಯ್ಯ, “ಲೇ, ಎಲ್ರಿಗೂ ಕೋಡುಬಳೆ ಕೊಡು, ಹಸಿದವ್ರೆ” ಎಂದ. ಮೂವತ್ತೆಂಟು ಜನಕ್ಕೆ ಕಾಗದದ ತಟ್ಟೆಯಲ್ಲಿ ಕೋಡುಬಳೆ, ಚಟ್ನಿಪುಡಿ, ಚಪಾತಿ ಹಂಚುತ್ತ ಶಿವರುದ್ರಮ್ಮ ಓಲಾಡುವ ಬಸ್ಸಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದಳು. ತನ್ನ ಜಾಗಕ್ಕೆ ಬಂದು ಕೂತಾಗ ಮೈಕು ಆರಿತ್ತು.

“ಏನಂದ ಕಣೇ ಅವ್ನು?” ಎಂದು ಸಿಂಧುವನ್ನು ಕೇಳಿದಳು.

“ಕಂಪನಿಯವರು ಒಂದೊಂದು ರೂಮಿಗೂ ಹತ್ತು ಸಾವಿರ ಕ್ರೆಡಿಟ್ ಹಾಕಿದ್ದಾರಂತೆ ಅಕ್ಕ. ಹಡಗೊಳಗೆ ಏನ್ ಬೇಕಾದ್ರೂ ತಗೋಬಹುದಂತೆ. ಕಾರ್ಡ್ ತೋರಿಸಿದ್ರೆ ಸಾಕು.”

ಸೂರ್ಯಪ್ರಕಾಶ್ ಇನ್ನೂ ಎರಡು ಮಾತು ಹೇಳಿದ್ದ. ರೂಮು ಶುಚಿ ಮಾಡುವವರ ಟಿಪ್ಸು ತಲೆಗೆ ದಿನಕ್ಕಿಷ್ಟು ಎಂದು ಆ ಕ್ರೆಡಿಟ್ಟಿನಿಂದಲೇ ಕಡಿತವಾಗುತ್ತದೆ ಎಂಬುದು ಒಂದು. ಖರ್ಚಾಗದೆ ಉಳಿದದ್ದು ಕೈಗೆ ಬರುವುದಿಲ್ಲ ಎಂಬುದು ಇನ್ನೊಂದು. ಅವನ್ನು ಸಿಂಧು ಕೇಳಿಸಿಕೊಂಡಿದ್ದಳು, ಹೇಳಲು ಮರೆತಳು. ಶಿವರುದ್ರಮ್ಮನ ತಲೆಯಲ್ಲಿ ಹತ್ತು ಸಾವಿರ ಒಂದೇ ಉಳಿಯಿತು. ಅದನ್ನು ಮೊದಲ ದಿನವೇ ಕರಗಿಸುವುದು ಅವಳ ಸ್ವಭಾವಕ್ಕೆ ಒಗ್ಗುವ ಸಂಗತಿಯಲ್ಲ. ಅಟ್ಟದಲ್ಲಿ ಇರಲಿ, ಇದ್ದಷ್ಟೂ ಒಳ್ಳೆಯದು, ಕೊನೆಯ ದಿನ ಇಳಿಸಿದರಾಯಿತು ಎಂದುಕೊಂಡಳು.

ಹಡಗು ಎಂದರೆ ನೀರಿನ ಮೇಲೆ ನಿಂತ ಹನ್ನೊಂದು ಅಂತಸ್ತಿನ ಕಟ್ಟಡ. ಲಿಫ್ಟು, ಕಾರಂಜಿ, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಕಾಲು ನೋಯುವಷ್ಟು ಉದ್ದ. ಎರಡನೆಯ ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಸಿಂಧು ಕಾಣಲಿಲ್ಲ. ಹನ್ನೊಂದಕ್ಕೆ ಬಂದಳು. ಮುಖ ಈಗಷ್ಟೇ ನಿದ್ದೆಯಿಂದೆದ್ದ ಮಗುವಿನ ಮುಖದಂತಿತ್ತು. ಮೊಣಕೈವರೆಗೂ ಎಣ್ಣೆಯ ಮಿನುಗು.

“ಎಲ್ ಹೋಗಿದ್ದೆ?”

“ಮಸಾಜಿಗೆ ಅಕ್ಕ. ಕೈ, ಕಾಲು, ಭುಜ. ಒಂದು ಗಂಟೆ. ನಾಲ್ಕೂವರೆ ಸಾವಿರ, ಕ್ರೆಡಿಟ್‌ನಲ್ಲೇ ಹೋಯ್ತು.” ಸಿಂಧು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. “ಎಣ್ಣೆ ಗಿಣ್ಣೆ ಎಲ್ಲ ಹಂಗಿರ್ಲಿ ಅಕ್ಕ. ಒಂದು ಗಂಟೆ ಯಾರೂ ನನ್ನ ಕೂಗ್ಲಿಲ್ಲ ಗೊತ್ತಾ? ಒಬ್ರೂ ಕೂಗ್ಲಿಲ್ಲ.”

ಆ ಮಾತು ಶಿವರುದ್ರಮ್ಮನ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿಯಂತೆ ಇಳಿಯಿತು. ಸೀರೆ, ಮೆಷಿನ್ನು, ಉಗುರಿನ ಬಣ್ಣ, ಇವಕ್ಕೆಲ್ಲ ಅವಳು ಉರಿದುಕೊಂಡಿದ್ದುಂಟು. ಆದರೆ ಯಾರೂ ಕೂಗದ ಒಂದು ಗಂಟೆ! ಮೂವತ್ತೊಂದು ವರ್ಷದಲ್ಲಿ ಬಚ್ಚಲಿಗೆ ಹೋದಾಗಲೂ ಬಾಗಿಲಾಚೆಯಿಂದ ಯಾರಾದರೊಬ್ಬರು ‘ಬೀಗದ ಕೈ ಎಲ್ಲಿ’ ಎಂದು ಕೂಗದೆ ಬಿಟ್ಟಿರಲಿಲ್ಲ. ಹೆರಿಗೆಯಾಗಿ ಮಲಗಿದ್ದಾಗಲೂ ಉಪ್ಪಿನಕಾಯಿ ಜಾಡಿ ಯಾವ ಮೂಲೆಯಲ್ಲಿದೆ ಎಂದು ಅವಳನ್ನೇ ಕೇಳಿದ್ದರು. ಇವಳಿಗೆ ಸಿಕ್ಕಿತಲ್ಲ, ತನಗಿಂತ ಹದಿನೈದು ವರ್ಷ ಚಿಕ್ಕವಳಿಗೆ! ತನಗೂ ಬೇಕು, ಅದೇ ಬೇಕು, ಅದಕ್ಕಿಂತ ಒಂದು ನಿಮಿಷ ಹೆಚ್ಚೇ ಬೇಕು. ಕೊನೆಯ ದಿನ ಅಟ್ಟದಿಂದ ಹತ್ತು ಸಾವಿರ ಇಳಿಸಿ, ನಾಲ್ಕೂವರೆಗೆ ಮಸಾಜು, ಉಳಿದದ್ದರಲ್ಲಿ ಸಿಂಧು ನೋಡಿ ಬಾಯಿಬಿಡುವಂಥದ್ದು ಏನಾದರೊಂದು. ಹಾಗಂತ ತೀರ್ಮಾನಿಸಿದ ಮೇಲೆಯೇ ಅವಳು ಊಟಕ್ಕೆ ಎದ್ದದ್ದು.

ಆದರೆ ಆ ಹಡಗಿನಲ್ಲಿ ಅವಳ ಹೊಟ್ಟೆ ಉರಿಸಲು ಇನ್ನೊಬ್ಬಳಿದ್ದಳು.

ಮೊದಲ ಬೆಳಿಗ್ಗೆ ಎದ್ದವಳೇ ಶಿವರುದ್ರಮ್ಮ ಹಾಸಿಗೆ ಸರಿಮಾಡಿ, ರಗ್ಗು ಮಡಿಚಿ, ಕಾಫಿ ಕುಡಿದ ಕಪ್ಪು ತೊಳೆದು ಕವುಚಿಟ್ಟು, ಬಚ್ಚಲಿನ ಬೇಸಿನ್ನು ತಿಕ್ಕಿ, ಗಂಡನ ಎರಡು ಬನಿಯನ್ನು ಒಗೆದು ಹರವಿದ್ದಳು. ಆಗ ಬಾಗಿಲು ತಟ್ಟಿದ ಸದ್ದು. ಬೂದು ಬಣ್ಣದ ಅಂಗಿ ಪ್ಯಾಂಟಿನ ಹೆಂಗಸೊಬ್ಬಳು ಗಾಡಿ ತಳ್ಳಿಕೊಂಡು ಒಳಗೆ ಬಂದಳು. ಮೂವತ್ತರ ಆಸುಪಾಸು. ಎದೆಯ ಮೇಲೆ ಹೆಸರಿನ ಪಟ್ಟಿ. ಇಂಗ್ಲಿಷಿನಲ್ಲಿ ಏನೋ ಅಂದು, ಹರವಿದ ಬನಿಯನ್ನು ನೋಡಿ, ತಡೆಯಲಾರದೆ ನಕ್ಕುಬಿಟ್ಟಳು.

“ಯಾವೂರು ಅಕ್ಕ ನಿಮ್ದು?”

ಶಿವರುದ್ರಮ್ಮ ಬೆಚ್ಚಿದಳು. “ಬಿಳಿಗೆರೆ. ತಿಪಟೂರತ್ರ. ನಿಂದ್ಯಾವುದವ್ವ?”

“ಹಂದನಕೆರೆ ಕಣಕ್ಕ! ನಮ್ ಕಡೆಯೋರು ಬಸ್ಸು ತುಂಬ ಬಂದವ್ರೆ ಅಂತ ನಿನ್ನೇನೇ ಕೇಳ್ದೆ. ನಾನು ಶಾಂತಕುಮಾರಿ. ಭೈರಮ್ಮ ಅಂತ ನಮ್ಮವ್ವ. ಊರಲ್ಲೇ ಹೂ ಮಾರ್ತಾಳೆ.” ಅಂದು ಹಾಸಿಗೆಯ ಕಡೆ ನೋಡಿದಳು. “ಇದನ್ಯಾಕೆ ಮಾಡಕ್ ಹೋದ್ರಿ? ನನ್ ಕೆಲ್ಸ ಅದು.”

“ಎದ್ದ ಹಾಸಿಗೆ ಹಂಗೇ ಬಿಡಕ್ಕಾದದಾ? ಮನೆಗೆ ಒಳ್ಳೇದಲ್ಲ.”

“ಇದು ಮನೆ ಅಲ್ಲ ಬುಡಿ ಅಕ್ಕ” ಎನ್ನುತ್ತಲೇ ಶಾಂತಕುಮಾರಿ ಶಿವರುದ್ರಮ್ಮ ಹಾಕಿದ ಹಾಸಿಗೆಯನ್ನು ಒಂದೇ ಸೆಳೆತಕ್ಕೆ ಕಿತ್ತು, ಬಿಳಿಯ ಹೊದಿಕೆಯನ್ನು ಗಾಳಿಯಲ್ಲಿ ಬೀಸಿ ಹಾಸಿ, ಮೂಲೆಗಳನ್ನು ಲಕೋಟೆಯಂತೆ ಮಡಿಚಿ ಒಳಗೆ ತುರುಕಿದಳು. ಟವಲ್ಲಿನಲ್ಲಿ ಒಂದು ಆನೆ ಮಾಡಿ ದಿಂಬಿನ ಮೇಲೆ ಕೂರಿಸಿದಳು. ಆರೇ ನಿಮಿಷ.

ಹೊರಗೆ ವಾಕಿಂಗ್ ಹೋಗಿದ್ದ ಶಂಭುಲಿಂಗಯ್ಯ ಅಷ್ಟರಲ್ಲಿ ಬಂದ. ಆನೆ ನೋಡಿದ, ಹಾಸಿಗೆ ನೋಡಿದ. ಮೊಬೈಲು ತೆಗೆದು ಫೋಟೋ ಹೊಡೆದ.

“ನೋಡಿದ್ಯಾ? ಹಾಸಿಗೆ ಅಂದ್ರೆ ಹಿಂಗ್ ಹಾಕ್ಬೇಕು” ಎಂದು ಹೆಂಡತಿಗೆ ಹೇಳಿದ. ಶಾಂತಕುಮಾರಿಯ ಕಡೆ ತಿರುಗಿ, “ಥ್ಯಾಂಕ್ಯೂ ಕಣಮ್ಮ” ಎಂದ.

ಥ್ಯಾಂಕ್ಯೂ! ಈ ಗಂಡಸಿಗೆ ಆ ಪದ ಬರುತ್ತದೆ ಎಂಬುದೇ ಶಿವರುದ್ರಮ್ಮನಿಗೆ ತಿಳಿದಿರಲಿಲ್ಲ. ಮೂವತ್ತೊಂದು ವರ್ಷ ಇವನು ಎದ್ದ ಹಾಸಿಗೆಯನ್ನು ಮಡಿಚಿದವಳು ಅವಳು. ಒಂದು ಮುಂಜಾನೆಯೂ ಅವನು ತಿರುಗಿ ನೋಡಿದ್ದಿಲ್ಲ. ಹಾಸಿಗೆ ತಾನಾಗಿಯೇ ಎದ್ದು ಸುತ್ತಿಕೊಂಡು ಮೂಲೆಗೆ ಹೋಗಿ ಕೂರುತ್ತದೆ ಎಂದುಕೊಂಡಿದ್ದನೋ ಏನೋ.

ಮಾರನೆಯ ದಿನ ಅವಳು ಹಟಕ್ಕೆ ಬಿದ್ದು ಲಕೋಟೆಯ ಮೂಲೆ ಮಡಿಚಲು ನೋಡಿದಳು. ಮಣಿಕಟ್ಟು ನೋವಿನಿಂದ ಚುರ್ ಎಂದಿತು. ಹೇಗೋ ಮಾಡಿ ಮುಗಿಸಿದಳು. ಶಾಂತಕುಮಾರಿ ಬಂದು, “ಪರವಾಗಿಲ್ಲ ಅಕ್ಕ, ನಿಮ್ಮನ್ನೂ ಕೆಲಸಕ್ಕೆ ಸೇರಿಸ್ಕೊಬಹುದು” ಎಂದು ನಕ್ಕು, ಮತ್ತೆ ಕಿತ್ತು, ಮತ್ತೆ ಹಾಸಿದಳು. ಈ ಸಲ ಟವಲ್ಲಿನ ನವಿಲು.

“ಮದ್ವೆ ಆಗಿಲ್ವೇನೇ?” ಎಂದು ಶಿವರುದ್ರಮ್ಮ ಕೇಳಿದಳು. ಏನಾದರೊಂದು ಕೊರತೆ ಸಿಕ್ಕೀತು ಎಂಬ ಆಸೆ.

“ಆಗಿತ್ತು ಅಕ್ಕ. ಅಲ್ಲೂ ಇದೇ ಕೆಲ್ಸ. ಹಾಸಿಗೆ, ಬಚ್ಚಲು, ಪಾತ್ರೆ. ಅಲ್ಲಿ ಟಿಪ್ಸು ಅಂದ್ರೆ ಬೈಗುಳ. ಸಾಕಾಗಿ ಬಂದ್ಬುಟ್ಟೆ. ಈಗ ದಿನಾ ಹದಿನಾರು ರೂಮು. ಒಂಬತ್ತು ತಿಂಗ್ಳು ನೆಲ ಮುಟ್ಟಂಗಿಲ್ಲ. ಆದ್ರೂ ತಿಂಗ್ಳಾದ್ರೆ ಅಕೌಂಟಿಗೆ ಬೀಳ್ತದೆ.” ಅವಳು ಬೇಸಿನ್ನು ತಿಕ್ಕುತ್ತಿದ್ದಳು. ಬೆರಳ ತುದಿಗಳೆಲ್ಲ ಬಿಳುಚಿಕೊಂಡು ಸೀಳಿದ್ದವು. ಯಾವುದೋ ಖಾರದ ದ್ರಾವಣ ಇರಬೇಕು. “ಬತ್ತೀನಿ ಅಕ್ಕ, ಇನ್ನೂ ಹನ್ನೊಂದವೆ.”

ಶಿವರುದ್ರಮ್ಮ ಬಾಗಿಲು ಹಾಕಿಕೊಂಡು ನವಿಲನ್ನು ನೋಡುತ್ತ ಕೂತಳು. ತನಗಿಂತ ಚೆನ್ನಾಗಿ ಮಾಡುತ್ತಾಳೆ, ತನ್ನ ಗಂಡನಿಂದ ಹೊಗಳಿಸಿಕೊಳ್ಳುತ್ತಾಳೆ, ಮೇಲೆ ದುಡ್ಡು ಬೇರೆ! ನವಿಲಿನ ಕತ್ತು ಹಿಡಿದು ಒಂದು ಜಗ್ಗು ಜಗ್ಗಿದಳು. ಅದು ಮತ್ತೆ ಟವಲ್ಲಾಯಿತು.

ಕೊನೆಯ ದಿನ ಬೆಳಿಗ್ಗೆ ಬಾಗಿಲ ಸಂದಿಯಿಂದ ಒಂದು ಬಿಲ್ಲು ಒಳಗೆ ಜಾರಿತ್ತು. ಇಂಗ್ಲಿಷ್ ಪೂರ್ತಿ ಬಾರದಿದ್ದರೂ ಅಂಕಿ ಓದಲು ಬರುತ್ತದಲ್ಲ. ಹತ್ತು ಸಾವಿರ ಇರಬೇಕಾದ ಕಡೆ ಸಾವಿರದ ಏಳುನೂರು ಇತ್ತು. ಶಿವರುದ್ರಮ್ಮ ಬಿಲ್ಲು ಹಿಡಿದು ಪಕ್ಕದ ರೂಮಿಗೆ ಓಡಿದಳು. ಸಿಂಧು ಓದಿ ಹೇಳಿದಳು.

“ನಾಲ್ಕು ಸಾವಿರದ ಏಳುನೂರು ಭಾವನ ಕಾರ್ಡಿಂದ ಹೋಗಿದೆ ಅಕ್ಕ. ಜ್ಯೂಸು, ಕಾಫಿ, ಐಸ್‌ಕ್ರೀಮು. ಅಯ್ಯೋ, ಒಂದೇ ಸಲಕ್ಕೆ ಹದಿನಾಲ್ಕು ಐಸ್‌ಕ್ರೀಮ್ ತಗೊಂಡಿದ್ದಾರೆ!”

ಅದು ಹೇಗೆಂದು ಶಿವರುದ್ರಮ್ಮನಿಗೆ ಕೇಳದೆಯೇ ತಿಳಿಯಿತು. ಮೇಲಿನ ಅಂತಸ್ತಿನಲ್ಲಿ ವರ್ತಕರೆಲ್ಲ ಕೂತು ಕೊಬ್ಬರಿಯ ರೇಟು ಮಾತಾಡುವಾಗ ಶಂಭುಲಿಂಗಯ್ಯ ಕಾರ್ಡು ಎತ್ತಿ, ‘ನಂದೇ ಹಾಕ್ರೀ, ಎಲ್ರಿಗೂ ನಂದೇ’ ಎಂದಿರುತ್ತಾನೆ. ಊರಿನ ಹೋಟೆಲಿನಲ್ಲೂ ಅವನದು ಅದೇ ಚಾಳಿ. ಮೂರು ದಿನದಿಂದ ತಾನು ಅಟ್ಟದ ಮೇಲಿದೆ ಎಂದುಕೊಂಡದ್ದನ್ನು ಇವನು ಕೆಳಗಿನಿಂದ ತೂತು ಕೊರೆದು ಇಳಿಸಿಕೊಂಡಿದ್ದ.

“ಇನ್ನೊಂದು ಮೂರು ಸಾವಿರದ ಆರುನೂರು ಏನೇ?”

“ಟಿಪ್ಸು ಅಕ್ಕ. ರೂಮ್ ಕ್ಲೀನ್ ಮಾಡೋರಿಗೆ. ಇಬ್ಬರದು, ನಾಲ್ಕು ದಿನದ್ದು. ತಾನಾಗೇ ಕಟ್ ಆಗುತ್ತೆ.” ನಾಲಿಗೆ ಕಚ್ಚಿಕೊಂಡಳು. “ಬಸ್ಸಲ್ಲೇ ಹೇಳಿದ್ರು. ನಿಮಗೆ ಹೇಳೋಕೆ ಮರೆತೆ ಅನ್ಸುತ್ತೆ.”

ಶಿವರುದ್ರಮ್ಮ ಬಿಲ್ಲನ್ನು ಸೆರಗಿನೊಳಗೆ ಮಡಿಚಿಟ್ಟುಕೊಂಡು ಲಿಫ್ಟಿನ ಕಡೆ ನಡೆದಳು. ದಾರಿಯಲ್ಲಿ ಸಿಕ್ಕ ಗಂಡನನ್ನು, “ಬರ್ರೀ ಇಲ್ಲಿ” ಎಂದು ಕರೆದ ದನಿ ಕೇಳಿ ಅವನು ಹಿಂಬಾಲಿಸಿದ.

ಐದನೆಯ ಅಂತಸ್ತಿನ ಕೌಂಟರಿನಲ್ಲಿ ಬಿಲ್ಲಿನ ತಕರಾರಿನವರ ಸಾಲು ಇತ್ತು. ಸೂರ್ಯಪ್ರಕಾಶ್ ಅಲ್ಲೇ ನಿಂತು ತನ್ನ ಜನಕ್ಕೆ ಹಿಂದಿ ಇಂಗ್ಲಿಷಿನ ಸಹಾಯ ಮಾಡುತ್ತಿದ್ದ. ಶಿವರುದ್ರಮ್ಮ ಬಿಲ್ಲನ್ನು ಮೇಜಿನ ಮೇಲೆ ಹರವಿ ಬೆರಳಿಟ್ಟಳು.

“ಸೂರ್ಯಪ್ರಕಾಶಪ್ಪ, ಕೇಳು ಇವರ್ನ. ಈ ದುಡ್ಡು ಹಾಸಿಗೆ ಹಾಕಿದ್ದಕ್ಕೆ ತಾನೆ?”

“ಹೌದು ಮೇಡಂ. ಹಾಸಿಗೆ, ಬಾತ್‌ರೂಮ್ ಎಲ್ಲ ಸೇರಿ.”

“ದಿನಾ ಹಾಸಿಗೆ ಮಡಿಚ್ದೋಳು ನಾನು. ಬೇಸಿನ್ ತಿಕ್ದೋಳು ನಾನು. ಕಪ್ಪು ತೊಳ್ದೋಳು ನಾನು. ದುಡ್ಡು ಅವಳಿಗ್ಯಾಕೆ ಹೋಯ್ತದೆ? ನಂಗ್ ಬರ್ಬೇಕು.”

ಸೂರ್ಯಪ್ರಕಾಶ್ ನಕ್ಕ. ಸಾಲಿನಲ್ಲಿದ್ದವರೂ ನಕ್ಕರು. ಶಂಭುಲಿಂಗಯ್ಯ ಎಲ್ಲರಿಗಿಂತ ಜೋರಾಗಿ ನಕ್ಕು, “ನೀನ್ ಮನೇಲೂ ಮಾಡ್ತೀಯಲ್ಲೇ, ಅದಕ್ಯಾರು ಟಿಪ್ಸ್ ಕೊಟ್ಟವ್ರೆ?” ಎಂದ.

“ಅದನ್ನೇ ನಾನೂ ಕೇಳ್ತಿರೋದು” ಎಂದಳು ಶಿವರುದ್ರಮ್ಮ. ಅವಳು ನಗಲಿಲ್ಲ.

ನಗು ಸ್ವಲ್ಪ ತಗ್ಗಿತು. ಸೂರ್ಯಪ್ರಕಾಶ್ ಕೌಂಟರಿನವನ ಜೊತೆ ಮಾತಾಡಿ ತಿರುಗಿದ. “ನಿಮಗೆ ಕೊಡೋಕಾಗಲ್ಲವಂತೆ ಮೇಡಂ. ಆದ್ರೆ ಬೇಡ ಅಂದ್ರೆ ಟಿಪ್ಸ್ ತೆಗೆದುಹಾಕ್ತಾರಂತೆ. ಆ ಮೊತ್ತ ನಿಮ್ಮ ಕ್ರೆಡಿಟ್ಟಿಗೆ ವಾಪಸ್ ಬರುತ್ತೆ. ಹಡಗಿಂದ ಇಳಿಯೋದರೊಳಗೆ ಖರ್ಚು ಮಾಡ್ಬೇಕು.”

ಸಾವಿರದ ಏಳುನೂರಕ್ಕೆ ಮೂರು ಸಾವಿರದ ಆರುನೂರು ಸೇರಿದರೆ ಮಸಾಜು ಆಗಿ ಇನ್ನೂ ಮಿಗುತ್ತದೆ ಎಂದು ಶಿವರುದ್ರಮ್ಮನ ಮನಸ್ಸು ಕ್ಷಣದಲ್ಲಿ ಕೂಡಿತು. ಗಂಡನಿಗೂ ಅದು ಹೊಳೆಯಿತು. ಹದಿನಾಲ್ಕು ಐಸ್‌ಕ್ರೀಮಿನ ವಿಷಯ ಏಳುವ ಮೊದಲೇ ದಡ ಸೇರುವ ದಾರಿ ಕಂಡಂತಾಗಿ ಅವನು ಉದಾರಿಯಾದ. “ತೆಗೆಸು, ತೆಗೆಸು. ಸಿಂಧು ಹಂಗೆ ನೀನೂ ಮಸಾಜ್ ಮಾಡಿಸ್ಕೊ ಹೋಗು. ನಾನೇನ್ ಬ್ಯಾಡ ಅಂದಿಲ್ಲ.”

ಕೌಂಟರಿನವನು ಒಂದು ಕಾಗದ ತಳ್ಳಿದ. ಟಿಪ್ಸು ತೆಗೆಯಲು ಕಾರಣ ಬೇಕು. ನಾಲ್ಕು ಚೌಕಗಳಿದ್ದವು. ಸೂರ್ಯಪ್ರಕಾಶ್ ಒಂದೊಂದನ್ನೇ ಕನ್ನಡದಲ್ಲಿ ಹೇಳಿದ. ಕೆಲಸ ಮಾಡಲಿಲ್ಲ. ಕೆಲಸ ಸರಿಯಿರಲಿಲ್ಲ. ನಡತೆ ಸರಿಯಿರಲಿಲ್ಲ. ವಸ್ತು ಕಳೆದಿದೆ.

“ಕೆಲಸ ನಾನೂ ಮಾಡ್ದೆ, ಅವಳೂ ಮಾಡಿದ್ಲು ಅಂತ ಬರೆಯೋಕೆ ಜಾಗ ಇಲ್ವಾ?”

“ಇಲ್ಲ ಮೇಡಂ. ಇದರಲ್ಲೇ ಯಾವುದಾದ್ರೂ ಒಂದು.”

ಶಿವರುದ್ರಮ್ಮ ಪೆನ್ನು ಹಿಡಿದು ನಿಂತಳು. ನಿಜ ಹೇಳಬೇಕೆಂದರೆ, ಅವಳ ಕೈ ಕಾಗದದ ಕಡೆ ಇಳಿದಿತ್ತು. ಆ ಆನೆ, ಆ ನವಿಲು, ಆ ಥ್ಯಾಂಕ್ಯೂ ಎಲ್ಲ ಕಣ್ಣಮುಂದೆ ಬಂದು, ಒಂದೇ ಒಂದು ಗೀರು ಎಳೆದರೆ ಲೆಕ್ಕ ಸರಿಹೋಗುತ್ತದೆ ಎನ್ನಿಸಿತ್ತು.

“ಎರಡ್ನೇದಕ್ಕೆ ಹಾಕು” ಎಂದ ಶಂಭುಲಿಂಗಯ್ಯ, ಅವಳ ಭುಜದ ಮೇಲಿಂದ ಬಗ್ಗಿ. “ಹಾಸಿಗೆ ನೆಟ್ಟಗೆ ಹಾಕ್ತಿರ್ಲಿಲ್ಲ ಅಂತ. ಅವಳೇನ್ ನಮ್ಮನೆ ಬಾಗಿಲಿಗೆ ಬಂದು ಕೇಳ್ತಾಳಾ?”

ಪೆನ್ನು ನಿಂತಿತು.

“ಹಿಂಗ್ ಹಾಕ್ಬೇಕು ಹಾಸಿಗೆ ಅಂದ್ರಲ್ಲ ಮೊನ್ನೆ? ಫೋಟೋ ತೆಗೆದು ಊರಿಗೆಲ್ಲ ಕಳಿಸಿದ್ರಲ್ಲ?”

“ಅದು ಮೊನ್ನೆ ಮಾತು. ಬಾಯ್ ಮಾತಲ್ವೇನೇ? ಅದಕ್ಕೇನ್ ಕಾಸು ಕೊಡ್ಬೇಕಾ?”

ಮೂರು ದಿನದಿಂದ ಶಿವರುದ್ರಮ್ಮನನ್ನು ಸುಟ್ಟ ಹೊಗಳಿಕೆ ಇದೇ ಬಾಯಿಂದ ಬಂದದ್ದು. ಬೇಕಾದಾಗ ಹಾಕಿ ಬೇಡವಾದಾಗ ಎಳೆದುಕೊಳ್ಳುವಂಥದ್ದು. ಅದಕ್ಕಾಗಿ ತಾನು ನೋಯುವ ಕೈಯಲ್ಲಿ ಲಕೋಟೆ ಮಡಿಚಿದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ರೇಗಿತು. ಬೇಸಿನ್ನಿನಲ್ಲಿ ಆಡುತ್ತಿದ್ದ ಆ ಸೀಳಿದ ಬೆರಳುಗಳು ನೆನಪಾದವು. ಹೊಟ್ಟೆಕಿಚ್ಚು ಆರಲಿಲ್ಲ. ಅವಳಿಗೆ ಸಿಗುತ್ತದೆ, ತನಗಿಲ್ಲ ಎಂಬುದು ಹಾಗೆಯೇ ಉರಿಯುತ್ತಿತ್ತು. ಆದರೆ ಅವಳಿಗೂ ಇಲ್ಲದಂತೆ ಮಾಡಿದರೆ ಈ ಭೂಮಿಯ ಮೇಲೆ ಹಾಸಿಗೆ ಹಾಕಿದ್ದಕ್ಕೆ ದುಡ್ಡು ಎಣಿಸಿಕೊಳ್ಳುವ ಒಬ್ಬಳೂ ತನ್ನ ಕಣ್ಣಿಗೆ ಕಾಣದಂತಾಗುತ್ತದೆ.

ಕಾಗದವನ್ನು ವಾಪಸು ತಳ್ಳಿದಳು. “ಇರ್ಲಿ ಬುಡಪ್ಪ. ಅವಳ ದುಡ್ಡು ಅವಳಿಗೇ ಹೋಗ್ಲಿ.”

“ಹಂಗಾದ್ರೆ ಮಸಾಜ್ ಬ್ಯಾಡ್ವಾ?” ಎಂದ ಗಂಡ, ಹಗುರಾದವನಂತೆ.

“ಬೇಕು” ಎಂದಳು ಶಿವರುದ್ರಮ್ಮ. ಸೂರ್ಯಪ್ರಕಾಶನ ಕಡೆ ತಿರುಗಿ, “ಕ್ರೆಡಿಟ್ಟು ಮುಗಿದ ಮೇಲೆ ಯಾರಾದ್ರೂ ಏನಾದ್ರೂ ತಗೊಂಡ್ರೆ ಹೆಂಗೆ? ಕೊಡಲ್ವಾ ಇವ್ರು?” ಎಂದು ಕೇಳಿದಳು.

“ಯಾಕ್ ಕೊಡಲ್ಲ ಮೇಡಂ? ಹಡಗು ಹತ್ತೋವಾಗಲೇ ಸಾರ್ ಅವರ ಬ್ಯಾಂಕ್ ಕಾರ್ಡ್ ಕೊಟ್ಟಿದ್ದಾರಲ್ಲ. ಮಿಕ್ಕಿದ್ದು ಅದರಿಂದ ಹೋಗುತ್ತೆ.”

ಶಿವರುದ್ರಮ್ಮ ಗಂಡನನ್ನು ನೋಡಿದಳು. ಅವನು ಕೌಂಟರಿನ ಹಿಂದಿನ ಗಡಿಯಾರ ನೋಡುತ್ತಿದ್ದ.

“ನಿಮ್ಗೆ ಗೊತ್ತಿತ್ತಾ?”

“ಗೊತ್ತಿತ್ತು. ನೀನ್ ಕೇಳ್ಲಿಲ್ಲ.”

“ಈಗ ಕೇಳ್ತಿದೀನಿ. ಸೂರ್ಯಪ್ರಕಾಶಪ್ಪ, ಸಿಂಧು ಮಾಡಿಸ್ಕೊಂಡ್ಲಲ್ಲ, ಅದೇ ಮಸಾಜು. ಇರೋ ಸಾವಿರದ ಏಳುನೂರು ಹಾಕ್ಕೊಂಡು ಉಳಿದದ್ದು ನಮ್ಮೆಜಮಾನ್ರ ಕಾರ್ಡಿಗೆ ಬರೆಸು.”

ಸಾಲಿನಲ್ಲಿದ್ದ ವರ್ತಕರು ಈಗ ಶಂಭುಲಿಂಗಯ್ಯನ ಮುಖ ನೋಡುತ್ತಿದ್ದರು. ಅವರಲ್ಲಿ ಅರ್ಧ ಜನ ಅವನ ಐಸ್‌ಕ್ರೀಮು ತಿಂದವರು. ಅಷ್ಟು ಜನರೆದುರು ಹೆಂಡತಿಗೆ ಇಲ್ಲ ಎನ್ನಲು ಅವನಿಂದಾಗಲಿಲ್ಲ. “ಬರೀರಿ, ಬರೀರಿ, ಅದಕ್ಕೇನಂತೆ” ಎಂದ.

ಸಿಕ್ಕಿದ್ದು ಸಂಜೆ ನಾಲ್ಕು ಗಂಟೆಯ ಸಮಯ, ಅದೊಂದೇ ಖಾಲಿ ಇದ್ದದ್ದು. ಮಾರನೆಯ ಬೆಳಿಗ್ಗೆ ಇಳಿಯುವುದಾದ್ದರಿಂದ ಆರಕ್ಕೆ ಪೆಟ್ಟಿಗೆಗಳನ್ನೆಲ್ಲ ತುಂಬಿ ರೂಮಿನ ಬಾಗಿಲಾಚೆ ಇಡಬೇಕು.

“ಪೆಟ್ಟಿಗೆ ಯಾರ್ ತುಂಬ್ತಾರೆ?” ಎಂದ ಶಂಭುಲಿಂಗಯ್ಯ, ಇದಕ್ಕೆ ಉತ್ತರವಿರಲಾರದು ಎಂಬ ಧೈರ್ಯದಲ್ಲಿ.

“ನೀವು” ಎಂದು ಹೇಳಿ ಶಿವರುದ್ರಮ್ಮ ಹೋದಳು.

ಮಸಾಜಿನ ಕೋಣೆಯಲ್ಲಿ ಮಂದ ಬೆಳಕು. ಹುಡುಗಿಯೊಬ್ಬಳು ಬಿಸಿ ಎಣ್ಣೆಯ ಬಟ್ಟಲು ತಂದಳು. ಮೂಗಿಗೆ ತಾಕಿದೊಡನೆಯೇ ಶಿವರುದ್ರಮ್ಮನಿಗೆ ತಿಳಿಯಿತು, ಕೊಬ್ಬರಿ ಎಣ್ಣೆ. ಅದರ ಮೇಲೆ ಯಾವುದೋ ಹೂವಿನ ವಾಸನೆ ಬಳಿದಿದ್ದರು. ಬಿಸಿಲಲ್ಲಿ ಅವಸರಕ್ಕೆ ಒಣಗಿಸಿದ ಕೊಬ್ಬರಿ, ಅಟ್ಟ ಕಂಡದ್ದಲ್ಲ ಎಂದು ಮನಸ್ಸಿನಲ್ಲೇ ಮೂಗು ಮುರಿದಳು. ಹುಡುಗಿ ಬಲಗೈ ಮಣಿಕಟ್ಟನ್ನು ಎರಡೂ ಹೆಬ್ಬೆರಳಿನಿಂದ ನಿಧಾನವಾಗಿ ಒತ್ತಿದಾಗ ಕಣ್ಣಲ್ಲಿ ನೀರು ಬಂತು. ನೋವಿಗೋ ಏನೋ.

ಆದರೆ ಕಿವಿ ಮಾತ್ರ ಬಾಗಿಲಲ್ಲೇ ಇತ್ತು. ಈಗ ಕೂಗಿಯಾರು. ಬೀಗದ ಕೈ ಎಲ್ಲಿ, ಹಲ್ಲಿನ ಬ್ರಷ್ಷು ಯಾವ ಚೀಲಕ್ಕೆ, ಮಾತ್ರೆ ಎಲ್ಲಿಟ್ಟೆ. ಕಾದಳು. ಯಾರೂ ಕೂಗಲಿಲ್ಲ. ಇನ್ನೂ ಕಾದಳು. ಹಾಗೆ ಕಾಯುವುದರಲ್ಲೇ ಮುಕ್ಕಾಲು ಗಂಟೆ ಕಳೆದುಹೋಗಿ, ಉಳಿದ ಕಾಲು ಗಂಟೆ ಕಣ್ಣಿಗೆ ಜೊಂಪು ಹತ್ತಿತು. ಎಬ್ಬಿಸಿದಾಗ ಮೊದಲು ಬಂದ ಯೋಚನೆ, ಸಿಂಧು ಒಂದು ಗಂಟೆ ಪೂರ್ತಿ ಅನುಭವಿಸಿದ್ದಳು, ತನ್ನ ಪಾಲಿಗೆ ಬರೀ ಕಾಲು ಗಂಟೆ ಎಂಬುದು.

ರೂಮಿನ ಬಾಗಿಲು ತೆರೆದಿತ್ತು. ಶಂಭುಲಿಂಗಯ್ಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. ಹಾಸಿಗೆಯ ಮೇಲೆ ಬಾಯಿ ತೆರೆದ ಪೆಟ್ಟಿಗೆ. ಅದರ ಮುಂದೆ ಶಾಂತಕುಮಾರಿ ನಿಂತು ಅವನ ಅಂಗಿಗಳನ್ನು ಮಡಿಚುತ್ತಿದ್ದಳು.

“ಶಾಂತಾ, ಇಡವ್ವ ಕೆಳಕ್ಕೆ. ಪೆಟ್ಟಿಗೆ ತುಂಬೋದು ನಿನ್ ಕೆಲ್ಸ ಅಲ್ಲ.”

“ಸಾರ್ ಕರೆದ್ರು ಅಕ್ಕ.”

“ಸಾರ್ ಕರೀತಾರೆ. ಅದೊಂದು ಚೆನ್ನಾಗಿ ಬರ್ತದೆ ಅವ್ರಿಗೆ. ನೀನ್ ಹೋಗು, ಮಿಕ್ಕಿದ ರೂಮು ನೋಡ್ಕೊ.”

ಶಾಂತಕುಮಾರಿ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿ, ತುಟಿ ಬಿಗಿದುಕೊಂಡು ಗಾಡಿ ತಳ್ಳಿಕೊಂಡು ಹೊರಟಳು. ಮೂಲೆ ತಿರುಗಿದ ಮೇಲೆ ಅವಳು ನಕ್ಕದ್ದು ಇಲ್ಲಿಗೂ ಕೇಳಿತು.

“ಸರಿ, ನೀನೇ ಬಾ ಹಂಗಾದ್ರೆ. ಐದೂ ಕಾಲಾಯ್ತು” ಎಂದ ಶಂಭುಲಿಂಗಯ್ಯ.

ಶಿವರುದ್ರಮ್ಮ ಎರಡೂ ಕೈ ಎತ್ತಿ ತೋರಿಸಿದಳು. ಮೊಣಕೈವರೆಗೂ ಮಿನುಗುತ್ತಿದ್ದವು. “ಎಣ್ಣೆ. ಇನ್ನೊಂದು ಗಂಟೆ ತೊಳೀಬಾರ್ದಂತೆ. ನಿಮ್ ಬಿಳೀ ಅಂಗಿ ಮುಟ್ಟಿದ್ರೆ ಕಲೆಯಾಯ್ತದೆ.”

ಹಾಸಿಗೆಯ ಅಂಚಿನಲ್ಲಿ ಕೂತು, ಕೈಗಳನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡಳು. ಶಂಭುಲಿಂಗಯ್ಯ ಸ್ವಲ್ಪ ಹೊತ್ತು ಪೆಟ್ಟಿಗೆ ನೋಡಿದ, ಬಾಗಿಲು ನೋಡಿದ. ಆಮೇಲೆ ಎದ್ದು ಒಂದು ಪಂಚೆ ಎತ್ತಿಕೊಂಡ. ಅದರ ತುದಿ ಯಾವುದು, ಅಂಚು ಯಾವುದು ಎಂದೇ ಅವನಿಗೆ ತಿಳಿಯಲಿಲ್ಲ.

“ಉದ್ದಕ್ಕೆ ಹಿಡ್ಕೊಳ್ಳಿ. ಉದ್ದಕ್ಕೆ. ಹಾ, ಈಗ ಎರಡು ಮಡಿಕೆ. ಒದ್ದೆ ಟವಲ್ ಬೇರೆ ಕವರಿಗೆ.”

ಅಷ್ಟರಲ್ಲಿ ಪಕ್ಕದ ರೂಮಿನಿಂದ ಸಿಂಧು ಬಂದಳು. ಕೂದಲು ಕೆದರಿತ್ತು, ನೆರಿಗೆ ಎತ್ತಿ ಸಿಕ್ಕಿಸಿದ್ದಳು. ಕೈಯಲ್ಲಿ ಪರಮೇಶನ ನಾಲ್ಕು ಪ್ಯಾಂಟು. “ಅಕ್ಕ, ನಿಮ್ಮ ಪೆಟ್ಟಿಗೇಲಿ ಜಾಗ ಇದ್ಯಾ? ಇವರು ಮೇಲೆ ಇಸ್ಪೀಟಾಡ್ತಾ ಕೂತಿದ್ದಾರೆ, ನಾನೊಬ್ಳೇ ಎರಡೂ ಪೆಟ್ಟಿಗೆ...” ಎನ್ನುತ್ತ ಬಂದವಳು ಹೊಸ್ತಿಲಲ್ಲೇ ನಿಂತಳು. ಪಂಚೆಯೊಳಗೆ ಸಿಕ್ಕಿಕೊಂಡ ಭಾವನನ್ನು ನೋಡಿದಳು. ಕೂತ ಅಕ್ಕನನ್ನು, ಅವಳ ಮಡಿಲಲ್ಲಿ ಮಿನುಗುತ್ತಿದ್ದ ಎರಡು ಕೈಗಳನ್ನು ನೋಡಿದಳು. ಅವಳ ಮುಖದಲ್ಲಿ ಏನೋ ಬಿಗಿಯಿತು. ಕಣ್ಣು ಆ ಕೈಗಳ ಮೇಲೆಯೇ ನಿಂತಿತು.

ಶಿವರುದ್ರಮ್ಮನಿಗೆ ಆ ನೋಟದ ಗುರುತು ಹತ್ತಿತು. ಹದಿನಾಲ್ಕು ವರ್ಷ ಅದನ್ನು ತನ್ನ ಕಣ್ಣಲ್ಲೇ ಸಾಕಿದವಳು ಅವಳು. ಇನ್ನೊಬ್ಬರ ಕಣ್ಣಲ್ಲಿ, ಅದೂ ಈ ಕಣ್ಣಲ್ಲಿ, ತನ್ನ ಮೇಲೆ ಬೀಳುವುದನ್ನು ಕಂಡದ್ದು ಇದೇ ಮೊದಲು. ಮಸಾಜಿನ ಕೋಣೆಯಲ್ಲಿ ಸಿಗದೆ ಹೋದ ಮುಕ್ಕಾಲು ಗಂಟೆಯ ಸುಖವೆಲ್ಲ ಒಟ್ಟಿಗೆ ಬಂದು ಮೈಗೆ ಹತ್ತಿದಂತಾಯಿತು.

ಅದನ್ನು ಪೂರ್ತಿಯಾಗಿ ಸವಿದಾದ ಮೇಲೆಯೇ ಅವಳು ಪಕ್ಕಕ್ಕೆ ಸರಿದು ಹಾಸಿಗೆಯ ಮೇಲೆ ಜಾಗ ಮಾಡಿದಳು.

“ಆ ಪ್ಯಾಂಟು ಇಸ್ಪೀಟಿನ ಮೇಜಿನ ಮೇಲೆ ಹಾಕ್ಬುಟ್ಟು ಬಾ ಹೋಗೇ” ಎಂದಳು. “ಬಂದು ಇಲ್ಲಿ ಕೂತ್ಕೊ. ನಿಮ್ ಭಾವ ಇನ್ನೂ ಬನಿಯನ್ನಿಗೆ ಬಂದಿಲ್ಲ.”